ಉಡಿಯಲ್ಲಿ ಹೇಳಿದ ಮಾತು

ತನ್ನ ಬರಹ ತೆಲುಗಿಗೆ ಹೋಯಿತೆಂದು ಗೊತ್ತಾದ ದಿನ ಸ್ಫೂರ್ತಿ ಓಣಿಯವರಿಗೆಲ್ಲ ಪೇಡೆ ಹಂಚಿದಳು. ಇಂಗ್ಲಿಷಿನಲ್ಲಿ ಬಂದಾಗ ಹಂಚಿರಲಿಲ್ಲ, ಸ್ಪ್ಯಾನಿಷಿಗೂ ಫ್ರೆಂಚಿಗೂ ಹೋದಾಗ ಹಂಚಿರಲಿಲ್ಲ. ಆ ಭಾಷೆಗಳಲ್ಲಿ ತನ್ನ ಮಾತು ಹೇಗೆ ಕೇಳಿಸುತ್ತದೋ ಅವಳಿಗೇನು ಗೊತ್ತು! ತೆಲುಗು ಹಾಗಲ್ಲ. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಪಕ್ಕದ ಮನೆಯ ಭಾಷೆ. ಗಂಡ ಸಿದ್ದಲಿಂಗೇಶ್ ತನ್ನ ಕಬ್ಬಿಣದ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಫೋನು ತೋರಿಸಿ, "ನಮ್ಮನಿಯಾಕಿ ಬರದದ್ದು ನೋಡ್ರಿ, ಜಗತ್ತೇ ಓದಾಕತ್ತೈತಿ" ಎಂದು ಬೀಗಿದ. ಮನೆ ಕಟ್ಟಲು ಸರಳು ಕೊಳ್ಳಬಂದವರು "ಭಾಳ ಮಸ್ತ್ ಐತ್ರಿ" ಎಂದು ಹೇಳಿ ರೇಟು ಕೇಳಿದರು.

ಆ ಸಂತೋಷಕ್ಕೆ ಯಾರ ಕಣ್ಣು ಬಿತ್ತೋ. ಪೇಡೆಯ ಡಬ್ಬಿ ಇನ್ನೂ ಅಡುಗೆಮನೆಯ ಕಟ್ಟೆಯ ಮೇಲೆಯೇ ಇತ್ತು, ಸಂಡೂರು ಕಡೆಯ ಹಂಪಕ್ಕನ ಫೋನು ಬಂತು.

"ಯವ್ವಾ, ನೀ ಏನ್ ಬರದಿ ನಮ್ ಲಲಿತಾನ ಮ್ಯಾಲ? ಕಂಪ್ಲಿಯೋರು ಲಗ್ನ ಬ್ಯಾಡ ಅನ್ನಾಕತ್ಯಾರ."

ಅಷ್ಟು ಹೇಳಿ ಇಟ್ಟುಬಿಟ್ಟಳು. ಬೈದಿದ್ದರೆ ಸ್ಫೂರ್ತಿಗೆ ಎಷ್ಟೋ ಹಗುರವಾಗುತ್ತಿತ್ತು.

ಈ ಬರೆಯುವ ಕತೆ ಶುರುವಾಗಿದ್ದು ಹೀಗೆ. ಬೇರೆ ಬೇರೆ ದೇಶಗಳ ಸಾಮಾನ್ಯ ಜನ ಸೇರಿ ನಡೆಸುವ ಒಂದು ಬ್ಲಾಗ್ ಜಾಲವಿತ್ತು. ಜಗತ್ತಿನ ವ್ಯಾಪಾರ ಜನರ ಹಿತ್ತಲಿಗೆ ಬಂದು ಏನು ಮಾಡುತ್ತದೆ ಎಂಬುದನ್ನು ಆ ಹಿತ್ತಲಿನವರೇ ಹೇಳಬೇಕು ಎನ್ನುವುದು ಅವರ ಹಟ. ಒಬ್ಬ ಢಾಕಾದ ಅಂಗಿ ಕಾರ್ಖಾನೆಯಿಂದ ಬರೆದರೆ ಇನ್ನೊಬ್ಬಳು ಘಾನಾದ ಕೋಕೋ ತೋಟದಿಂದ ಬರೆಯುತ್ತಿದ್ದಳು. ಬಂದದ್ದನ್ನು ಯಾರ್ಯಾರೋ ಪುಣ್ಯಾತ್ಮರು ಪುಕ್ಕಟೆಯಾಗಿ ತಂತಮ್ಮ ಭಾಷೆಗೆ ತರುತ್ತಿದ್ದರು. ಟ್ಯೂಷನ್ನಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಸ್ಫೂರ್ತಿ ಮೊದಲು ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿ ಇಟ್ಟುಕೊಂಡು, ಆಮೇಲೆ ಅಲ್ಲಿಂದ ಎಬ್ಬಿಸಲ್ಪಟ್ಟವರ ಬಗ್ಗೆ ಬರೆದಳು. ಆಮೇಲೆ ಸಂಡೂರಿನ ಅದಿರಿನ ಬಗ್ಗೆ. ಗುಡ್ಡದ ಮಣ್ಣು ಲಾರಿ ಹತ್ತಿ, ಹಡಗು ಹತ್ತಿ, ಯಾವುದೋ ದೇಶದಲ್ಲಿ ಉಕ್ಕಾಗುವ ಕತೆಯನ್ನು ಅಂಕಿ-ಸಂಖ್ಯೆ ಸಮೇತ ಬರೆದು ಕಳಿಸಿದಳು.

ಲಿಸ್ಬನ್ನಿನಲ್ಲಿ ಕುಳಿತು ಇವನ್ನೆಲ್ಲ ತಿದ್ದುತ್ತಿದ್ದ ಇನೆಸ್ ಎಂಬ ಹೆಂಗಸು ಅದನ್ನು ವಾಪಸು ಕಳಿಸಿದಳು. "ಟನ್ನುಗಳ ಲೆಕ್ಕ ಬೇಡ. ಯಾರಾದರೂ ಒಬ್ಬರನ್ನು ತೋರಿಸು. ಅವರಿಗೆ ಎಲ್ಲಿ ನೋಯುತ್ತದೆ ಹೇಳು" ಎಂದಿದ್ದಳು.

ಮನುಷ್ಯರನ್ನು ಹುಡುಕಿಕೊಂಡು ಸ್ಫೂರ್ತಿ ಸಂಡೂರಿಗೆ ಹೋದಳು. ಬಸ್‌ಸ್ಟ್ಯಾಂಡಿನ ಮುಂದೆ ಸೀತಾಫಲ ಮಾರುತ್ತ ಕುಳಿತಿದ್ದ ಹಂಪಕ್ಕ ಸಿಕ್ಕಿದ್ದು ಅಲ್ಲಿ. ಒಂದು ಹಣ್ಣು ಕೊಂಡವಳನ್ನು ಎರಡು ಮಾತಿಗೆ ಮನೆಗೇ ಕರೆದುಕೊಂಡು ಹೋಗುವಂಥ ಹೆಂಗಸು. ಅವಳ ಊರು ಲಾರಿ ಓಡಾಡುವ ರಸ್ತೆಗೆ ಅಂಟಿಕೊಂಡೇ ಇತ್ತು. ಮನೆ, ಮರ, ಎಮ್ಮೆಯ ಬೆನ್ನು, ಎಲ್ಲ ಒಂದೇ ಬಣ್ಣ.

"ನಮ್ ಊರಾಗ ಯಾರೂ ಬಿಳಿ ಬಟ್ಟಿ ತಗೊಳ್ಳಂಗಿಲ್ಲವ್ವ" ಎಂದು ಹಂಪಕ್ಕ ನಕ್ಕಳು. "ತಗೊಂಡ್ರೂ ಸಂಜಿಮುಂದ ಕೆಂಪಾಕ್ಕಾವ."

ಮಗಳು ಲಲಿತಾ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಒಳಗೆ ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಿದ್ದಳು. ಅವಳಿಗೆ ಕಂಪ್ಲಿಯ ಗಂಡು ಗೊತ್ತಾಗಿತ್ತು. ಸ್ಫೂರ್ತಿ ಮಷಿನ್ ಮುಂದೆ ಅವಳ ಫೋಟೋ ತೆಗೆದಳು. ಹುಡುಗಿ ಹಲ್ಲು ಕಾಣುವಂತೆ ನಕ್ಕಳು.

ಹೊರಡುವಾಗ ಹಂಪಕ್ಕ ಚಾಪೆ ಹಾಸಿ ಕೂರಿಸಿ ಉಡಿ ತುಂಬಿದಳು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು, ಎಲೆ-ಅಡಿಕೆ, ಲಲಿತಾ ಹೊಲಿದ ಒಂದು ಕುಪ್ಪಸ. ಉಡಿ ತುಂಬುತ್ತಲೇ ಸ್ಫೂರ್ತಿಯ ಕಿವಿಯ ಹತ್ತಿರ ಬಗ್ಗಿದಳು. "ನೀ ಇನ್ನ ಈ ಮನಿ ಮಗಳು. ಅದಕ್ಕ ಹೇಳ್ತೀನಿ. ಲಲಿತಾ ಭಾಳ ಕೆಮ್ಮತಾಳವ್ವ. ಉಗುಳಿದ್ರ ಕೆಂಪಗ ಬರ್ತೈತಿ. ಧೂಳೋ ರಕ್ತನೋ ತಿಳಿವಲ್ದು. ಯಾರ್ ಮುಂದನೂ ಅಂದಿಲ್ಲ." ಒಂದಿಷ್ಟು ಅಕ್ಕಿ ಚಾಪೆಗೆ ಬಿತ್ತು.

ಯಾರಿಗೂ ಹೇಳಬೇಡ ಎಂದು ಹಂಪಕ್ಕ ಹೇಳಲಿಲ್ಲ. ಉಡಿ ತುಂಬಿಸಿಕೊಂಡ ಮಗಳಿಗೆ ಅದನ್ನು ಬಾಯಿಬಿಟ್ಟು ಹೇಳುವುದುಂಟೆ? ಆದರೆ ಸ್ಫೂರ್ತಿಯ ತವರು ದೊಡ್ಡ ಅಂಗಡಿಕಾರರ ಮನೆ. ಅಲ್ಲಿ ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬುತ್ತಿದ್ದರು, ತುಂಬಿಸಿಕೊಂಡವರು ಬಾಗಿಲು ದಾಟುವುದರೊಳಗೆ ಮರೆಯುತ್ತಿದ್ದರು. ಹಾಗಾಗಿ ಅವಳು ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡಳು, ಮಾತನ್ನು ಬರಹಕ್ಕೆ ಸುರಿದಳು. ಇನೆಸ್ ಕೇಳಿದ್ದ 'ಎಲ್ಲಿ ನೋಯುತ್ತದೆ' ಎಂಬುದಕ್ಕೆ ಉತ್ತರ ಸಿಕ್ಕಿತ್ತಲ್ಲ! ಹೆಸರು, ಫೋಟೋ, ಕೆಮ್ಮು ಎಲ್ಲ ಹೋಯಿತು. ಇಂಗ್ಲಿಷಿನಲ್ಲಿರುವುದನ್ನು ಇಲ್ಲಿ ಯಾರು ಓದುತ್ತಾರೆ ಎಂಬ ಧೈರ್ಯ ಬೇರೆ.

ಓದಿದವರೇನೋ ಓದಿದರು. ಹೊರಗಿನ ಡಾಕ್ಟರುಗಳ ಒಂದು ತಂಡ ಇನೆಸ್ ಮೂಲಕ ಸ್ಫೂರ್ತಿಗೆ ಮೇಲ್ ಬರೆಯಿತು. ಯಂತ್ರಗಳ ಸಮೇತ ಆ ಊರಿಗೇ ಬಂದು ಎಲ್ಲರ ಎದೆ ಪರೀಕ್ಷೆ ಮಾಡುತ್ತೇವೆ ಎಂದರು. ಇದಕ್ಕಿಂತ ಇನ್ನೇನು ಬೇಕು ಎಂದು ಸ್ಫೂರ್ತಿ ಹಿರಿಹಿರಿ ಹಿಗ್ಗಿದಳು. ಆಮೇಲೆ ಅನಂತಪುರದ ಯಾರೋ ಅದನ್ನು ತೆಲುಗಿಗೆ ತಂದರು. ಆದೋನಿಯಲ್ಲಿ ಯಾರೋ ವಾಟ್ಸಾಪಿನಲ್ಲಿ ಹಾಕಿದರು. ಗಂಡಿನ ತಾಯಿ ರೇಣುಕಮ್ಮನ ತಂಗಿಯನ್ನು ಕೊಟ್ಟಿದ್ದು ಆದೋನಿಗೇ. ಸಂಡೂರಿನಿಂದ ಹೊರಟ ಮಾತು ಲೋಕವನ್ನೆಲ್ಲ ಸುತ್ತಿ ನೆಟ್ಟಗೆ ಕಂಪ್ಲಿಗೆ ಬಂದು ಇಳಿಯಿತು.

ಫೋನು ಬಂದ ಮರುದಿನವೇ ಸ್ಫೂರ್ತಿ ಹಂಪಕ್ಕನ ಮನೆಗೆ ಹೋದಳು. ಹಂಪಕ್ಕ ನೀರು ಕೊಟ್ಟಳು, ಕುಂದ್ರು ಎನ್ನಲಿಲ್ಲ.

"ನಿನಗ ಉಡಿ ತುಂಬಿದ್ದೆ" ಎಂದಳು. ಸ್ಫೂರ್ತಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಲಲಿತಾ ಮಷಿನ್ ನಿಲ್ಲಿಸಿ ಎದ್ದು ಬಂದಳು. "ಬ್ಲೌಸ್ ಹೊಲಸಾಕ ಗಿರಾಕಿ ಬರ್ತಾರ ಅಂತ ಫೋಟೋಕ್ಕ ನಕ್ಕಂತ ಕುಂತಿದ್ದೆ. ನನ್ ಹೆಸರು ಹಾಕಿದ್ರಿ, ನನ್ ಕೆಮ್ಮು ಹಾಕಿದ್ರಿ. ಒಂದ್ ಮಾತು ನನ್ನ ಕೇಳಿದ್ರ್ಯಾ ಅಕ್ಕ?"

"ತಪ್ಪಾತು ಲಲಿತಾ. ತಗಸ್ತೀನಿ."

"ತಗದ್ರ ಏನಾಕ್ಕೈತಿ? ಓದಿದೋರು ಓದ್ಯಾರ. ಸುಳ್ಳು ಅಂತ ಬರೀರಿ. ನಾನೇ ಕಟ್ಟಿ ಬರದೆ, ಆ ಹುಡುಗಿಗೆ ಏನೂ ಇಲ್ಲ ಅಂತ ಬರೀರಿ."

"ಹಂಗ ಬರದ್ರ ಡಾಕ್ಟರು ಬರಂಗಿಲ್ಲ" ಎಂದಳು ಸ್ಫೂರ್ತಿ. "ನಿನ್ನಷ್ಟೇ ಅಲ್ಲ, ಊರೋರ ಎದೀನೆಲ್ಲ ನೋಡಾಕ ಬರೋರಿದ್ರು."

ಲಲಿತಾ ರಸ್ತೆಯತ್ತ ತಿರುಗಿದಳು. ಒಂದು ಲಾರಿ ಹೋಯಿತು. ಮೂವರೂ ಸೆರಗು, ದುಪಟ್ಟಾ ಮೂಗಿಗೆ ಒತ್ತಿಕೊಂಡು, ಧೂಳು ಕೂರುವವರೆಗೂ ನಿಂತರು.

"ಡಾಕ್ಟರು ಬರ್ತಾರ, ನೋಡ್ತಾರ, ಹೋಗ್ತಾರ" ಎಂದಳು ಲಲಿತಾ. "ಆಮ್ಯಾಲ ನನ್ ಕೂಡ ಯಾರ್ ಇರ್ತಾರ? ನನಗ ಈ ಸಂಬಂಧ ಬೇಕ್ರಿ ಅಕ್ಕ. ಯಾಕ ಅಂತ ಕೇಳಬ್ಯಾಡ್ರಿ."

ಸ್ಫೂರ್ತಿ ಕೇಳಲಿಲ್ಲ. ಈ ಧೂಳಿನ ರಸ್ತೆ ಬಿಟ್ಟು ಹೊಳೆ, ಗದ್ದೆ ಇರುವ ಕಡೆ ಹೋಗಬೇಕೆನ್ನುವ ಆಸೆ ಯಾರಿಗಿಲ್ಲ ಎಂದುಕೊಂಡಳು. ತಾನೇ ಉತ್ತರ ಕಟ್ಟಿಕೊಳ್ಳುವುದು ಅವಳ ಹಳೆಯ ಚಾಳಿ.

ಇನೆಸ್‌ಗೆ ಬರೆದಳು. ಅವಳು ಹೆಸರು ಬದಲಿಸೋಣ, ಫೋಟೋ ತೆಗೆಯೋಣ ಎಂದಳು. ಸುಳ್ಳು ಎಂದೇ ಹಾಕಬೇಕು ಎಂದು ಸ್ಫೂರ್ತಿ ಪಟ್ಟು ಹಿಡಿದಾಗ ಕೇಳಿದಳು: "ನಿಜವಾಗಿ ಸುಳ್ಳೇ? ಹಾಗಿದ್ದರೆ ಎಲ್ಲ ಭಾಷೆಗಳಲ್ಲೂ ಅದನ್ನು ಮೇಲೆ ಹಾಕಬೇಕಾಗುತ್ತದೆ. ಇನ್ನು ಮುಂದೆ ನಿನ್ನ ಬರಹ ತೆಗೆದುಕೊಳ್ಳಲು ಬರುವುದಿಲ್ಲ."

ಹೌದು, ಸುಳ್ಳು ಎಂದು ಸ್ಫೂರ್ತಿ ಬರೆದಳು. ಜೀವಮಾನದಲ್ಲಿ ಅವಳು ಬರೆದ ಮೊದಲ ಸುಳ್ಳು ಅದು, ತಾನು ಸುಳ್ಳು ಬರೆದೆ ಎಂಬ ಸುಳ್ಳು. ಒಂದೆರಡು ದಿನದಲ್ಲಿ ಅದೂ ತೆಲುಗಿಗೆ ಬಂತು. ಗಣಿಯ ಗುತ್ತಿಗೆದಾರರ ವಾಟ್ಸಾಪ್ ಗುಂಪುಗಳಲ್ಲಿ ನಗುವ ಮುಖಗಳ ಸಮೇತ ಓಡಾಡಿತು. ಕಬ್ಬಿಣದ ಅಂಗಡಿಯಲ್ಲಿ ಸಿದ್ದಲಿಂಗೇಶ್ ಯಾರಿಗೂ ಫೋನು ತೋರಿಸಲಿಲ್ಲ. ಮನೆಗೆ ಬಂದವನು, "ಖರೇನೇ ಕಟ್ಟಿ ಬರದಿದ್ದೇನು?" ಎಂದು ಕೇಳಿದ. ಅವನಿಗೂ ಅವಳು ಹೌದೆಂದಳು.

ಆಮೇಲೆ ಕಂಪ್ಲಿಗೆ ಹೋದಳು. ಬರೆದದ್ದನ್ನು ಎದುರಿಗೆ ನಿಂತು ಹೇಳದಿದ್ದರೆ ರೇಣುಕಮ್ಮ ನಂಬುವವಳಲ್ಲ ಎಂದು ಹಂಪಕ್ಕನೇ ಹೇಳಿ ಕಳಿಸಿದ್ದಳು. ದಾರಿಯುದ್ದಕ್ಕೂ ಹಸಿರು ಗದ್ದೆ, ಕಾಲುವೆ ನೀರು. ಲಲಿತಾ ಇಲ್ಲಿ ಉಸಿರಾಡಿಕೊಂಡಿರುತ್ತಾಳೆ ಎಂದು ಸ್ಫೂರ್ತಿಯ ಮನಸ್ಸಿಗೆ ಒಂದಿಷ್ಟು ತಂಪಾಯಿತು. ಗಂಡು ಹನುಮೇಶ್ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮನೆ ಮಿಲ್ಲಿನ ಹಿಂದುಗಡೆಯೇ.

ರೇಣುಕಮ್ಮ ಬರಹ ಸುಳ್ಳೆಂದು ಹಾಕಿದ್ದ ತೆಲುಗಿನ ಪುಟವನ್ನು ಫೋನಿನಲ್ಲಿ ನಿಧಾನವಾಗಿ ಓದಿ ಮುಗಿಸಿ, ಕನ್ನಡಕ ತೆಗೆದಳು. "ಓದಿದಾಕಿ ಅದೀರಿ, ಚಲೋ ಮನಿತನದಾಕಿ ಅದೀರಿ. ಮಂದಿ ಮಗಳ ಮ್ಯಾಲ ಹಿಂತಾ ಕತಿ ಕಟ್ಟಾಕ ನಾಚಿಕಿ ಬರಲಿಲ್ಲೇನ್ರಿ? ಆ ಕೂಸಿನ ಲಗ್ನ ನಿಂತ್ರ ಯಾರ್ ಗತಿ?"

"ನನ್ನ ತಪ್ಪು" ಎಂದಳು ಸ್ಫೂರ್ತಿ. "ಲಲಿತಾಗ ಏನೂ ಇಲ್ರಿ."

"ದೇವ್ರ ಮ್ಯಾಲ ಆಣಿ ಮಾಡ್ತೀರೇನು?"

ಸ್ಫೂರ್ತಿ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿ ಆಣೆ ಮಾಡಿದಳು.

ರೇಣುಕಮ್ಮನ ಮುಖ ಅಲ್ಲಿಗೆ ಸಡಿಲಾಯಿತು. ಬೈದು ಮುಗಿದ ಮೇಲೆ ಅವಳೂ ಹಂಪಕ್ಕನಂಥವಳೇ. ಚಹಾ ಕೊಟ್ಟಳು. ಅಷ್ಟರಲ್ಲಿ ಮಿಲ್ಲಿನಿಂದ ಹನುಮೇಶ್ ಬಂದ. ಕೂದಲು, ಹುಬ್ಬು, ಅಂಗಿಯ ತೋಳು ಎಲ್ಲ ಹೊಟ್ಟು-ತೌಡಿನ ಧೂಳಿನಿಂದ ಬೆಳ್ಳಗಾಗಿದ್ದವು. ಹೊಸಬಳನ್ನು ಕಂಡು ನಮಸ್ಕಾರ ಮಾಡಲು ಕೈ ಎತ್ತಿದವನು ಕೆಮ್ಮತೊಡಗಿದ. ಗೋಡೆ ಹಿಡಿದುಕೊಂಡು, ಬೆನ್ನು ಬಗ್ಗಿಸಿ, ಕಣ್ಣಲ್ಲಿ ನೀರು ಬರುವವರೆಗೂ ಕೆಮ್ಮಿ, ಸುಮ್ಮನೆ ಹಿತ್ತಲಿಗೆ ನಡೆದುಬಿಟ್ಟ.

ಸ್ಫೂರ್ತಿ ಚಹಾದ ಲೋಟವನ್ನು ಕೆಳಗಿಟ್ಟಳು.

ರೇಣುಕಮ್ಮ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತಂದಳು. "ಮನಿಗೆ ಬಂದ ಮುತ್ತೈದಿ, ಬರೇ ಕೈಲೆ ಹೋಗಬಾರ್ದು. ಕುಂದ್ರಿ." ಸೆರಗು ಹಿಡಿಸಿ ಉಡಿ ತುಂಬುತ್ತ ದನಿ ಇಳಿಸಿದಳು. "ಮಿಲ್ಲಿನ ಧೂಳವ್ವ ಅದು. ಇತ್ತಿತ್ಲಾಗ ಜಾಸ್ತಿ ಆಗೇತಿ. ಹೆಣ್ಣಿನ ಕಡೇರಿಗೆ ಹೇಳಿಲ್ಲ. ನೀ ನಮ್ ಮಗಳಿದ್ದಂಗ, ಹೊಟ್ಯಾಗ ಹಾಕ್ಕೋ."

ಉಡಿ ಕಲ್ಲು ತುಂಬಿಕೊಂಡಂತೆ ಭಾರವಾಗಿತ್ತು. ಬಸ್‌ಸ್ಟ್ಯಾಂಡಿನ ತನಕ ಸ್ಫೂರ್ತಿ ಅದನ್ನು ಚೀಲಕ್ಕೆ ಸುರಿಯದೆ ಸೆರಗಿನಲ್ಲೇ ಹಿಡಿದು ನಡೆದಳು.

ಕಲ್ಲುಬೆಂಚಿನ ಮೇಲೆ ಕುಳಿತು ಫೋನು ತೆಗೆದರೆ ಡಾಕ್ಟರುಗಳ ಮೇಲ್ ಬಂದಿತ್ತು. ಬರಹವೇ ಸುಳ್ಳೆಂದ ಮೇಲೆ ತಾವು ಬರುವುದರಲ್ಲಿ ಅರ್ಥವಿಲ್ಲ, ಬೇರೆ ಊರಿಗೆ ಹೋಗುತ್ತೇವೆ ಎಂದಿದ್ದರು. ಅವಳು ಅದನ್ನು ಓದುತ್ತಿದ್ದಾಗಲೇ ಲಲಿತಾಳ ಕರೆ ಬಂತು.

"ಏನಂದ್ರು ಅಕ್ಕ?"

"ಒಪ್ಪ್ಯಾರ. ಲಗ್ನ ನಿಲ್ಲಂಗಿಲ್ಲ."

ಆ ಕಡೆ ಉಸಿರು ಬಿಟ್ಟ ಸದ್ದು. ಹಿಂದೆಯೇ ತಡೆದ ಕೆಮ್ಮು.

ಈಗ ಸ್ಫೂರ್ತಿ ಏನು ಮಾಡಬೇಕು? ಮೊದಲ ಸಲ ಉಡಿಯ ಮಾತನ್ನು ಊರಿಗೆಲ್ಲ ಹಂಚಿ ಕೆಡಿಸಿದ್ದಳು. ಈ ಸಲ ಬಾಯಿ ಬಿಟ್ಟರೆ ಈಗಷ್ಟೇ ಕೂಡಿದ್ದು ಮತ್ತೆ ಮುರಿಯಬಹುದು, ರೇಣುಕಮ್ಮನಿಗೂ ದ್ರೋಹ. ಮುಚ್ಚಿಟ್ಟರೆ? ಆಗಲೂ ಲಲಿತಾಳನ್ನು ಕೇಳದೆ ಬಿಟ್ಟಿದ್ದೆ, ಈಗಲೂ ಅದನ್ನೇ ಮಾಡಿದಂತಾಗುತ್ತದಲ್ಲ ಎಂದುಕೊಂಡಳು. ಬಾಳು ಅವಳದು.

"ಲಲಿತಾ, ಒಂದ್ ಮಾತು. ನಿನಗೊಬ್ಬಾಕಿಗೇ. ಹನುಮೇಶಗೂ ಕೆಮ್ಮೈತಿ. ಮಿಲ್ಲಿನ ಧೂಳಿಂದು. ಸಣ್ಣ ಕೆಮ್ಮಲ್ಲ, ಕಣ್ಣಾರೆ ನೋಡಿದೆ. ನೀ ವಿಚಾರ ಮಾಡು."

ಆ ಕಡೆ ಒಂದು ಲಾರಿ ಹೋದದ್ದು ಕೇಳಿಸಿತು. ಮುರಿದೇ ಹೋಯಿತು ಎಂದು ಸ್ಫೂರ್ತಿ ಕಣ್ಣು ಮುಚ್ಚಿದಳು.

"ಗೊತ್ತೈತ್ರಿ ಅಕ್ಕ" ಎಂದಳು ಲಲಿತಾ. "ನೋಡಾಕ ಬಂದಾಗ ಎಲ್ಲಾರೂ ಚಹಾ ಕುಡಿಯಾಕತ್ತಿದ್ರು. ಅವ್ರು ಕೆಮ್ಮು ತಡಕೊಂಡು ಕುಂತಿದ್ರು, ಮುಖ ಕೆಂಪಾಗಿತ್ತು. ನಾನೂ ಹಂಗೇ ಕುಂತಿದ್ದೆ. ಒಬ್ಬರನ್ನೊಬ್ರು ನೋಡಿದ್ವಿ. ಈ ಮನಶ್ಯಾ ನನ್ ಕೆಮ್ಮಿಗೆ ಹೆಸರಿಡಂಗಿಲ್ಲ ಅಂತ ಅವಾಗೇ ಒಪ್ಪಿದೆ."

ಸ್ಫೂರ್ತಿಯ ಸೆರಗಿನ ಅಕ್ಕಿಯ ಮೇಲೆ ಕಣ್ಣೀರು ಬಿತ್ತು.

"ಅಕ್ಕ, ಕೇಳ್ತದನ್ರಿ?" ಎಂದಳು ಲಲಿತಾ. "ಇದನ್ನ ಬರೀಬ್ಯಾಡ್ರಿ."