ಕಳಸದ ಒಂದೂವರೆ ಇಂಚು

ನಮ್ಮ ಕಳಸದಲ್ಲಿ ಮಳೆ ಹಿಡಿದರೆ ಭದ್ರೆಯ ಮೀನುಗಳು ಹನಿ ಹತ್ತಿಕೊಂಡು ಮೋಡಕ್ಕೆ ಹೋಗುತ್ತವೆ. ನಾವು ಮೀನು ತಿನ್ನುವವರಲ್ಲ. ಹಾಗಾಗಿ ನನ್ನಜ್ಜ ಲಿಂಗಪ್ಪನವರು ಹೆಂಚಿನ ಮೇಲೆ ನಿಂತು, ಕೊಡೆಯಲ್ಲಿ ಅವನ್ನು ಹಿಡಿದು ವಾಪಸ್ ನದಿಗೆ ಬಿಡುತ್ತಿದ್ದರು. ನಂಬದಿದ್ದರೆ ನೀವು ಮೂಡಿಗೆರೆಯವರೇ ಇರಬೇಕು.

ಚಿಕ್ಕಮಗಳೂರಿಗೆ ಆಫೀಸುಗಳ ಜಂಬ. ಮೂಡಿಗೆರೆಗೆ, ಎಲ್ಲ ಬಸ್ಸೂ ತನ್ನನ್ನು ಕೇಳಿಯೇ ಮುಂದೆ ಹೋಗಬೇಕೆಂಬ ಗತ್ತು. ನಮಗಿರುವುದು ಮಳೆ ಒಂದೇ. ಆದ್ದರಿಂದ ಮಾರ್ಚ್‌ನಲ್ಲಿ ಕಾಫಿಯ ಹೂಮಳೆ ಬಿದ್ದ ಸಂಜೆ ಮೂಡಿಗೆರೆಯಿಂದ ನನ್ನ ಹೆಂಡತಿ ರಜನಿಯ ತಮ್ಮ ಪ್ರಸನ್ನಕುಮಾರ್ ಫೋನು ಮಾಡಿ, "ಭಾವ, ಚಿಕ್ಕಮಗಳೂರಿಗೆ ಒಂದು ಇಂಚು, ನಮಗೆ ಒಂದೂಕಾಲು. ನಿಮಗೆಷ್ಟು?" ಎಂದಾಗ ನಾಲಿಗೆ ತಾನೇ ಹೇಳಿತು:

"ಒಂದೂವರೆ."

"ಭಾರಿ ಆಯ್ತಲ್ಲ! ಹಾಗಾದ್ರೆ ನಮ್ಮಿಬ್ಬರ ಸ್ಪ್ರಿಂಕ್ಲರ್ ಸೆಟ್ಟು ಈ ಸಲ ನಿಮಗೆ ಬೇಡ. ಜಾವಳಿಯ ರಹೀಮ್ ಸಾಹೇಬ್ರಿಗೆ ಹನಿಯೂ ಬಿದ್ದಿಲ್ಲ, ಅವ್ರಿಗೆ ಕೊಡ್ಲಾ?"

"ಕೊಡು ಮಾರಾಯ. ನಮ್ಮ ತೋಟದಲ್ಲಿ ದೋಣಿ ಬಿಡಬೇಕಾಗಿದೆ."

ಒಂದೂವರೆ ಎಂದದ್ದು ಬರೀ ಜಂಬಕ್ಕೆ. ಬಿದ್ದದ್ದು ಮೊಗ್ಗನ್ನು ಎಬ್ಬಿಸುವಷ್ಟು ಮಳೆ, ಅರಳಿಸುವಷ್ಟಲ್ಲ. ಎದ್ದ ಮೊಗ್ಗಿಗೆ ನೀರು ಸಿಗದಿದ್ದರೆ ಅದು ಗಿಡದಲ್ಲೇ ಸುಟ್ಟುಹೋಗುತ್ತದೆ. ವರ್ಷದ ಫಸಲು ಅದರ ಜೊತೆಗೇ.

ಬೆಳಿಗ್ಗೆ ರಜನಿ ಕಾಫಿ ಗಿಡದ ಒಂದು ರೆಕ್ಕೆ, ಅಂದರೆ ಅಡ್ಡಗೊಂಬೆ, ಮುರಿದು ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಮೊಗ್ಗು ಎದ್ದು ಬಿಳುಪೇರಿತ್ತು. "ಸ್ಪ್ರಿಂಕ್ಲರ್ ಪೈಪು ಯಾವಾಗ ಬರುತ್ತೆ?" ಎಂದಳು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ನಾನು ಮೂಡಿಗೆರೆಗೆಂದು ಜೀಪು ಹತ್ತಿದೆ.

ಪ್ರಸನ್ನನ ಅಂಗಳದಲ್ಲಿ ಅಬ್ದುಲ್ ರಹೀಮ್ ಸಾಹೇಬರು ಆಗಲೇ ಪಿಕಪ್ಪಿಗೆ ಪೈಪು ತುಂಬಿಸುತ್ತಿದ್ದರು.

"ಬನ್ನಿ ಒಂದೂವರೆ ಇಂಚಿನವ್ರೇ!" ಎಂದ ಪ್ರಸನ್ನ. "ದೋಣೀಲಿ ಬಂದ್ರೋ?"

"ರಸ್ತೆ ಪೂರ್ತಿ ನೀರು ಮಾರಾಯ. ಎರಡು ಕಡೆ ಈಜಿಕೊಂಡೇ..."

ಸಾಹೇಬರು ನನ್ನ ಜೀಪಿನ ಬಾನೆಟ್ಟಿನ ಮೇಲೆ ಬೆರಳೆಳೆದರು. ಕೆಮ್ಮಣ್ಣಿನ ಧೂಳಿನಲ್ಲಿ ಉದ್ದನೆಯ ಗೀಟು ಬಿತ್ತು.

"ಇದೇನು ಭಾವ, ಧೂಳು ಚಿಕ್ಕಮಗಳೂರಿಂದ ತರಿಸಿದ್ರಾ?" ಎಂದ ಪ್ರಸನ್ನ.

"ಒಂದೂವರೆ ಅಲ್ಲ. ಮೂವತ್ತು ಸೆಂಟು," ಎಂದೆ. ನೂರು ಸೆಂಟಾದರೆ ಒಂದು ಇಂಚು.

ಸಾಹೇಬರು ಸಮಾಧಾನವಾಗಿ, "ಮೂವತ್ತು ಬಿದ್ದಿದ್ರೆ ಮೊಗ್ಗು ನಾಲ್ಕು ದಿನ ತಡೀತದೆ. ಹೆದರ್ಬೇಡಿ, ನಂದು ಮುಗಿಸಿ ಕಳಿಸ್ತೀನಿ," ಎಂದು ಪಿಕಪ್ಪಿನ ಬಾಗಿಲು ತೆಗೆದರು.

ಅಲ್ಲಿಗೇ ಸುಮ್ಮನಿದ್ದರೆ ಕಳಸದ ಮಾನ ಅಷ್ಟಾದರೂ ಉಳಿಯುತ್ತಿತ್ತು. ರಜನಿ ಇಟ್ಟ ರೆಕ್ಕೆ ಕಣ್ಣ ಮುಂದೆ ಬಂತು. ಓಡಿಹೋಗಿ ಬಾಗಿಲು ಹಿಡಿದೆ.

"ಮೊಗ್ಗು ನಾಲ್ಕು ದಿನ ತಡಿಯಲ್ಲ ಸಾಹೇಬ್ರೆ. ಮೂವತ್ತೂ ಸುಳ್ಳು. ಬಿದ್ದಿದ್ದು ಹನ್ನೆರಡೇ ಸೆಂಟು. ಪೈಪು ಇವತ್ತೇ ಬೇಕು."