ಬತ್ತಿ ಆರಿದ ಮೇಲೆ

ಆರು ವರ್ಷ ಹಂಗಾಮಿ ಶಿಕ್ಷಕಿಯಾಗಿ ಸವೆದವಳು ನಾನು. ಶಾಲಾ ತಪಾಸಣಾಧಿಕಾರಿ ಒಂದು ಪಾಠ ನೋಡಿ ಒಪ್ಪಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ. ಮಕ್ಕಳಿಗೆ ವಿಮರ್ಶಾತ್ಮಕ ಚಿಂತನೆ ಕಲಿಸುವುದನ್ನು ಈ ಸಲ ನೋಡುತ್ತಾರಂತೆ. ಹಾಗೆಂದರೇನು ಎಂದು ಸುತ್ತೋಲೆಯಲ್ಲಿ ಎರಡು ಪುಟ ಬರೆದಿದ್ದರು; ಎಷ್ಟು ಓದಿದರೂ ತಲೆಬುಡ ತಿಳಿಯಲಿಲ್ಲ. ಮಕ್ಕಳು ಪ್ರಶ್ನೆ ಕೇಳಬೇಕು ಎಂಬ ಒಂದು ಸಾಲು ಮಾತ್ರ ಅರ್ಥವಾಯಿತು. ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು, ಐದು ಜಾಣರಿಗೆ ಹಂಚಿ, ವಾರವಿಡೀ ಉರು ಹೊಡೆಸಿದೆ. ನಗಬೇಡಿ, ನಮ್ಮ ಶಾಲೆಯಲ್ಲಿ ಎಲ್ಲರೂ ಮಾಡುವುದು ಇದನ್ನೇ.

ಪಾಠ ಹಳೆಯದೇ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಉರಿದಾಗ ಆಮ್ಲಜನಕ ಖರ್ಚಾಗಿ, ಅದರ ಜಾಗಕ್ಕೆ ನೀರು ಬಂತು ಎನ್ನುತ್ತದೆ ಪುಸ್ತಕ.

ಅಧಿಕಾರಿ ಬಂದ ದಿನ ಪ್ರಯೋಗ ಮಾಡಿ ತೋರಿಸಿದೆ; ನಾಲ್ಕು ಚೀಟಿಗಳು ಸಲೀಸಾಗಿ ಮುಗಿದವು. ಹಿಂದಿನ ಬೆಂಚಿನಲ್ಲಿ ಅಧಿಕಾರಿ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ಆಗ ಚೀಟಿಯೇ ಇಲ್ಲದ ಒಂದು ಕೈ ಮೇಲೆದ್ದಿತು. ವರ್ಷವಿಡೀ ತುಟಿ ಬಿಚ್ಚದ ಆ ಹುಡುಗಿಗೆ ನಾವಿಟ್ಟ ಹೆಸರೇ ಮೌನಿ.

"ಮಿಸ್, ಬತ್ತಿ ಉರೀತಿರೋವಾಗ ನೀರು ಏರಲೇ ಇಲ್ಲ. ಆರಿದ ಮೇಲೆ ಒಂದೇ ಸಲ ಏರ್ತು. ರಿಹರ್ಸಲ್‌ನಲ್ಲಿ ಮೂರು ಸಲಾನೂ ಹಾಗೇ ಆಯ್ತು."

ರಿಹರ್ಸಲ್ ಎಂಬ ಮಾತಿಗೆ ಅಧಿಕಾರಿಯ ಪೆನ್ನು ನಿಂತಿತು. 'ಕೂತ್ಕೊ, ಆಮೇಲೆ ಹೇಳ್ತೀನಿ' ಎಂದಿದ್ದರೆ ಕೆಲಸ ಉಳಿಯುತ್ತಿತ್ತೇನೋ. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅವಳು ಹೇಳಿದ್ದು ನಿಜ. ಆರು ವರ್ಷ ನನ್ನ ಕಣ್ಣೆದುರೇ ಹಾಗೆ ಆಗಿತ್ತು, ನಾನು ನೋಡಿರಲಿಲ್ಲ. ಈ ಚೋಟುದ್ದದ ಹುಡುಗಿ ನೋಡಿದ್ದಳು.

"ಯಾಕೆ ಅಂತ ನಂಗೆ ಗೊತ್ತಿಲ್ಲ ಕಣೇ. ಹೇಗೆ ಕಂಡುಹಿಡಿಯೋದು?" ಎಂದೆ.

"ಮೂರು ಬತ್ತಿ ಹಚ್ಚೋಣ ಮಿಸ್. ಲೋಟದಲ್ಲಿರೋ ಗಾಳಿ ಅಷ್ಟೇ ತಾನೆ? ಪುಸ್ತಕ ಸರಿಯಿದ್ರೆ ನೀರೂ ಅಷ್ಟೇ ಏರ್ಬೇಕು."

ಮೊದಲು ನೀರು ಏರಿದ್ದ ಮಟ್ಟಕ್ಕೆ ಲೋಟದ ಮೇಲೆ ಗೆರೆ ಎಳೆದು ಮೂರು ಬತ್ತಿ ಹಚ್ಚಿದೆವು. ಲೋಟ ಮುಚ್ಚುವಾಗ ಅಂಚಿನಿಂದ ಗುಳುಗುಳು ಗುಳ್ಳೆ ಹೊರಬಂದವು. ಮೂರೂ ಆರಿದವು. ನೀರು ಗೆರೆ ಮುಟ್ಟಿತು, ದಾಟಿತು, ಇನ್ನೂ ಏರುತ್ತಲೇ ಹೋಯಿತು. ನಲವತ್ತು ಮಕ್ಕಳೂ ಬೆಂಚು ಬಿಟ್ಟು ತಟ್ಟೆಯ ಸುತ್ತ ಮುತ್ತಿಕೊಂಡರು. ನೀರು ಏರುವುದನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು.

"ಬಿಸಿ ಗಾಳಿ ಉಬ್ಬಿ ಹೊರಗೆ ಹೋಯ್ತು! ಉಳಿದದ್ದು ತಣ್ಣಗಾಗಿ ಕುಗ್ತು!" ಐದನೆಯ ಚೀಟಿಯ ಹುಡುಗ ಚೀಟಿ ಮರೆತು ಕೂಗಿದ. "ಹಂಗೇ ಅಂತ ಹೇಗೆ ಹೇಳ್ತೀಯಾ?" ಎಂದು ಮೌನಿ ಅವನ ಮೇಲೆ ಬಿದ್ದಳು. ಅಲ್ಲಿಂದ ತರಗತಿ ನನ್ನ ಕೈಲಿರಲಿಲ್ಲ.

ಪಕ್ಕದಲ್ಲಿ ಯಾರೋ ಮಂಡಿಯೂರಿದರು. ಅಧಿಕಾರಿ. "ನಾನೂ ಹನ್ನೊಂದು ವರ್ಷ ಇದನ್ನೇ ಪಾಠ ಮಾಡಿದ್ದೀನಿ ಮೇಡಂ," ಎಂದರು, ಲೋಟದಿಂದ ಕಣ್ಣು ಕೀಳದೆ.

ಹೋಗುವಾಗ ವರದಿ ಕೈಗಿತ್ತರು. 'ಶಿಕ್ಷಕಿಗೆ ಉತ್ತರ ಗೊತ್ತಿರಲಿಲ್ಲ' ಎಂದಿತ್ತು ಮೊದಲ ಸಾಲು. ಎರಡನೆಯದು ಹೀಗಿತ್ತು: 'ಗೊತ್ತಿಲ್ಲವೆಂದು ನನ್ನೆದುರೇ ಮಕ್ಕಳಿಗೆ ಹೇಳಿದರು. ಕಾಯಂ ಮಾಡಿ.'