ಖುರ್ರಂ ಭಾಯಿಯ ಡಿಫೆನ್ಸು

"ಉಪ್ಪಾ, ಪ್ಲೀಸ್. ಅಲ್ಲಿ ಹೋಗಿ ನನ್ನ ಮರ್ಯಾದೆ ತೆಗೀಬೇಡಿ," ಎಂದಳು ಮಗಳು ಫಿದಾ, ಕಾರಿನ ಹಿಂದಿನ ಸೀಟಿನಿಂದ, ಕಿವಿಯ ಇಯರ್‌ಫೋನು ತೆಗೆಯದೆ.

ಮುಹಮ್ಮದ್ ಶರೀಫ್ ಬಹರೈನಿನ ಸಿತ್ರಾ ಸೇತುವೆಯ ಮೇಲೆ ಗೇರು ಬದಲಿಸಿದ. "ಮರ್ಯಾದೆ ತೆಗೆಯುವುದಾ? ಖುರ್ರಂ ಭಾಯ್ ನನ್ನನ್ನು ಕಂಡ ಕೂಡ್ಲೇ ಮ್ಯಾಚು ಅಲ್ಲಿಗೇ ಬಿಟ್ಟು ಓಡಿ ಬರ್ತಾರೆ. ನೀನು ಫೋಟೋ ತೆಗೀಲಿಕ್ಕೆ ರೆಡಿ ಇರು, ಆಯ್ತಾ?"

"ಓಡಿ ಬರುವುದು ಪೊಲೀಸ್ ಇರಬಹುದು ಬ್ಯಾರಿಗಳೇ," ಎಂದ ಪಕ್ಕದಲ್ಲಿದ್ದ ಲಾರೆನ್ಸ್. ರಿಫೈನರಿಯ ಶಿಫ್ಟು ಮುಗಿಸಿ, ಮಧ್ಯಾಹ್ನದ ನಿದ್ದೆ ಕೆಡಿಸಿಕೊಂಡು, ಸಿತ್ರಾದಿಂದ ಶರೀಫನ ಮನೆಯ ತನಕ ಬಂದು ಕಾರು ಹತ್ತಿದ್ದು ಈ ತಮಾಷೆ ನೋಡಲಿಕ್ಕೇ.

"ನೀವು ಸುಮ್ನೆ ಕೂತ್ಕೊಳ್ಳಿ ಪೊರ್ಬುಗಳೇ." ಮಂಗಳೂರು ಕಡೆಯ ಮುಸ್ಲಿಮರು ಬ್ಯಾರಿಗಳು, ಕ್ರೈಸ್ತರು ಪೊರ್ಬುಗಳು; ಕಡಲು ದಾಟಿದರೂ ಇಬ್ಬರೂ ಆ ಕರೆ ಬಿಟ್ಟಿರಲಿಲ್ಲ.

ಶರೀಫ್ ಈವರೆಗೆ ಹೇಳಿದ ಸುಳ್ಳುಗಳನ್ನು ಒಂದರ ಮೇಲೊಂದು ಪೇರಿಸಿದರೆ ಮನಾಮಾದ ಗಾಜಿನ ಗೋಪುರಗಳು ಅದರ ನೆರಳಿನಲ್ಲಿ ಚಳಿಗೆ ನಡುಗಬೇಕು. ಅವನು ಹಿಡಿದ ಮೀನಿನ ತಲೆ ಮನಾಮಾದಲ್ಲಿ ಸಾರಾದಾಗ ಬಾಲ ಇನ್ನೂ ಸಿತ್ರಾದ ನೀರಿನಲ್ಲಿ ಬಡಿಯುತ್ತಿತ್ತು. ಮರಳುಗಾಳಿಯ ದಿನ ಅವನು ಕಣ್ಣು ಮುಚ್ಚಿಕೊಂಡೇ ಸೌದಿಯ ತನಕ ಬಸ್ಸು ಓಡಿಸಿದ್ದ, ತೆರೆದರೂ ಕಾಣುತ್ತಿರಲಿಲ್ಲವಲ್ಲ! ಇವೆಲ್ಲವನ್ನೂ ಅವನ ಮನೆಯಿದ್ದ ಸನದ್‌ನ ಚಾಯ್ ಅಂಗಡಿಯಲ್ಲಿ ಜನ ಬಾಯಿ ಚಪ್ಪರಿಸಿ ನಂಬುತ್ತಿದ್ದರು. ಯಾರೂ ನಂಬದೆ ಹೋದದ್ದು ಒಂದೇ ಒಂದು ಕಥೆ. ದುರದೃಷ್ಟಕ್ಕೆ ಅದೊಂದೇ ನಿಜವಾಗಿತ್ತು.

ಎರಡು ಸಾವಿರದ ಆರರ ಚಳಿಗಾಲ. ಶರೀಫ್ ಆಗ ಸಿತ್ರಾ ಕಡೆಯ ಸಣ್ಣ ಫುಟ್‌ಬಾಲ್ ಕ್ಲಬ್ಬೊಂದರ ಬಸ್ ಡ್ರೈವರು. ಆ ಬಸ್ಸು ಕೆಮ್ಮಿದರೆ ಸೌದಿಯ ಗಡಿಯಲ್ಲಿ ಒಂಟೆಗಳು ತಿರುಗಿ ನೋಡುತ್ತಿದ್ದವು. ಅದಕ್ಕೆ ಒಂದು ದಿನ ಕುರಾಮಿತ್ಸು ಹತ್ತಿದ. ಜಪಾನಿನ ಡಿಫೆಂಡರ್, ಎತ್ತರ ಬಾಗಿಲಿನಷ್ಟು, ಮಾತು ಬೀಗದ ಕಂಡಿಯಷ್ಟು. ಕಾರ್ಖಾನೆಯೊಂದರ ತಂಡದಲ್ಲಿ ಆಟ ಶುರುಮಾಡಿ, ಊರೂರು ಕ್ಲಬ್ಬು ತಿರುಗಿ, ಎರಡು ಸಲ ಮೊಣಕಾಲು ಕೊಯ್ಯಿಸಿಕೊಂಡು, ದೇಶದ ತಂಡದ ಶಿಬಿರದ ತನಕ ಹೋಗಿ ಅಂಗಿ ಸಿಗದೆ ಮರಳಿ, ಕಾಲಿನಲ್ಲಿ ಉಳಿದಿದ್ದ ಚೂರು ಆಟವನ್ನು ಬಹರೈನಿಗೆ ತಂದಿದ್ದ.

ಆ ಹೆಸರು ಯಾರ ನಾಲಗೆಯಲ್ಲೂ ಹೊರಳದೆ, ಕ್ಲಬ್ಬಿನ ಪಾಕಿಸ್ತಾನಿ ಅಡುಗೆಯವನು ಅವನನ್ನು ಖುರ್ರಂ ಭಾಯ್ ಮಾಡಿಬಿಟ್ಟ. ಬಸ್ಸಿನ ಮುಂದಿನ ಸೀಟು ಖಾಯಂ ಅವನದ್ದು. ಇಳಿದ ಮೇಲೆ ನೆಲದ ಮೇಲೆ ನೆಟ್ಟಗೆ ನಿಂತು, ತಿರುಗಿ, ಸೊಂಟದಿಂದ ಬಗ್ಗುತ್ತಿದ್ದ. ಡ್ರೈವರಿಗಲ್ಲ, ಬಸ್ಸಿಗೆ! ಅದನ್ನು ದಿನಾ ಒದ್ದು, ಬೈದು, ನಡೆಸುತ್ತಿದ್ದ ಶರೀಫನಿಗೆ ಮೊದಲ ಸಲ ತನ್ನ ಬಸ್ಸಿನ ಎದುರು ನಾಚಿಕೆಯಾಯಿತು.

ಮೂರನೇ ದಿನ ಖುರ್ರಂ ಭಾಯ್ ಕೈಸನ್ನೆಯಲ್ಲಿ ಕೇಳಿದ: ಮೈದಾನದಲ್ಲಿ ನಿಲ್ಲು, ಹಿಂದೆ ಬಾ, ಬಿಡು ಅನ್ನುವುದಕ್ಕೆ ಅರಬ್ಬಿಯಲ್ಲಿ ಏನು? ಗಡ್ಡ ಕಂಡು ಈತನಿಗೆ ಅರಬ್ಬಿ ಬರುತ್ತದೆಂದು ಅವನು ತಿಳಿದಿದ್ದ. ಶರೀಫನ ಅರಬ್ಬಿಯೋ, ಸಲಾಮು, ಪೆಟ್ರೋಲು ಮತ್ತು ಟ್ರಾಫಿಕ್ಕಿನ ಬೈಗುಳ ದಾಟಿ ಒಂದು ಹೆಜ್ಜೆ ಮುಂದೆ ಹೋದದ್ದಿಲ್ಲ. ಆದರೆ ಉಳ್ಳಾಲದವನು ಜೀವ ಹೋದರೂ 'ಗೊತ್ತಿಲ್ಲ' ಅನ್ನುವುದುಂಟೇ? ಕಡಲ ಬದಿಯ ಹೊಯ್ಗೆಯಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು, ಆ ಮೈದಾನದ ತುಳುವನ್ನೇ ತೆಗೆದು ಕೊಟ್ಟ. "ಉಂತು! ಪಿರ ಬಲ! ಬುಡು!"

ಕುರಾಮಿತ್ಸು ಕಣ್ಣು ಮುಚ್ಚಿ ಬಾಯಿಪಾಠ ಮಾಡಿದ. ಶುಕ್ರವಾರದ ಮ್ಯಾಚಿನಲ್ಲಿ ಅದೇ ಮೂರು ಕೂಗು. ಅವನ ಕಡೆಯವರಿಗೂ ಏನೂ ಅರ್ಥವಾಗಲಿಲ್ಲ, ಮೊದಲ ಹದಿನೈದು ನಿಮಿಷದಲ್ಲೇ ಎರಡು ಗೋಲು ಬಿದ್ದವು. ಹಾಫ್ ಟೈಮಿಗೆ ಕ್ಯಾಪ್ಟನ್ ಬಂದು ಇದು ಯಾವ ಭಾಷೆ ಎಂದು ಕೇಳಿದಾಗ ಕುರಾಮಿತ್ಸು ನಿಧಾನವಾಗಿ ಶರೀಫನ ಕಡೆ ತಿರುಗಿದ. ಶರೀಫ್ ನೀರಿನ ಬಾಟಲಿಗಳನ್ನು ಎಣಿಸತೊಡಗಿದ್ದ. ಆಮೇಲೆ ಆ ಬೀಗದ ಬಾಯಿ ತೆರೆಯಿತು ನೋಡಿ, ಬೆಂಚು ಅಲುಗಾಡುವಂತೆ ನಕ್ಕ! "ಗುಡ್," ಎಂದ. "ಸೀಕ್ರೆಟ್."

ಅಲ್ಲಿಂದ ಆ ತಂಡ ತುಳುವಿನಲ್ಲಿ ಆಡಿತು. ನಾಲ್ಕು ಜನ ಅರಬರು ಕೈಯೆತ್ತಿ 'ಪಿರ ಬಲ' ಎಂದು ಕೂಗುವಾಗ ಎದುರಾಳಿಗಳು ಚೆಂಡು ಬಿಟ್ಟು ಅರ್ಥ ಹುಡುಕುತ್ತಿದ್ದರು. ಆ ಸೀಸನ್ನಿನಲ್ಲಿ ಮತ್ತೆ ಅವರ ಗೋಲಿನೊಳಗೆ ಹೋದದ್ದು ಗಾಳಿ ಮಾತ್ರ. ಮಾರ್ಚಿನಲ್ಲಿ ಮೊಣಕಾಲು ಮೂರನೇ ಸಲ ಕೈಕೊಟ್ಟಿತು. ಹೊರಡುವ ದಿನ ಕುರಾಮಿತ್ಸು ಬಸ್ಸಿಗೆ ಬಗ್ಗಿ, ಆಮೇಲೆ ಶರೀಫನಿಗೂ ಬಗ್ಗಿದ.

ಚಿಕ್ಕವಳಿದ್ದಾಗ ಫಿದಾ ಈ ಕಥೆ ಕೇಳದೆ ನಿದ್ದೆ ಹೋಗುತ್ತಿರಲಿಲ್ಲ. ಐದನೇ ಕ್ಲಾಸಿನಲ್ಲಿ ಅದನ್ನು ಗೆಳತಿಯರಿಗೆ ಹೇಳಿದಳು. ಅವರು ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಕುರಾಮಿತ್ಸು ಇದ್ದ, ಜಪಾನಿನ ಕ್ಲಬ್ಬುಗಳಿದ್ದವು, ಥಾಯ್ಲೆಂಡಿನದೊಂದಿತ್ತು, ಆಮೇಲೆ ಕೋಚ್ ಎಂದಿತ್ತು. ನಡುವೆ ಬಹರೈನ್ ಇರಲೇ ಇಲ್ಲ. "ಯು ಮೇಡ್ ಇಟ್ ಅಪ್, ಉಪ್ಪಾ," ಎಂದಿದ್ದಳು ಅಳುತ್ತ. ಮರುದಿನದಿಂದ ಕಾರಿನ ಮುಂದಿನ ಸೀಟು ಬಿಟ್ಟು ಹಿಂದೆ ಕೂತಳು. ಶರೀಫ್ ಮೀನಿನ ಕಥೆ ಹೇಳಿದರೂ ನಗುತ್ತಿರಲಿಲ್ಲ. ಅದೇ ಕುರಾಮಿತ್ಸು ಈಗ ಹುಡುಗರ ತಂಡ ಕಟ್ಟಿಕೊಂಡು ಸಿತ್ರಾಕ್ಕೆ ಬಂದಿದ್ದಾನೆಂದು ತಿಳಿದ ದಿನ ಶರೀಫ್ ಮನೆಯಲ್ಲಿ ಕುಣಿಯದೆ ಇದ್ದದ್ದು ಕೆಳಗಿನ ಮನೆಯವರ ಪುಣ್ಯ.

ಇಳಿಹೊತ್ತಿನ ಅಸರ್ ನಮಾಜು ಮುಗಿದ ಹೊತ್ತು; ಗ್ಯಾಲರಿಯಲ್ಲಿ ಹತ್ತಿಪ್ಪತ್ತು ಜನ. ಕುರಾಮಿತ್ಸು ಕುಂಟುತ್ತ ಬಂದು, ಗೆರೆ ದಾಟುವ ಮೊದಲು ಮೈದಾನಕ್ಕೆ ಬಗ್ಗಿದ. ತಲೆ ಪೂರಾ ನರೆತಿತ್ತು. ಶರೀಫ್ ಬೇಲಿಯ ಸರಳು ಹಿಡಿದು, "ಖುರ್ರಂ ಭಾಯ್! ಶರೀಫ್! ಬಸ್!" ಎಂದು ಕೂಗಿದ.

ಕುರಾಮಿತ್ಸು ತಿರುಗಿದ. ಒಂದು ಗಳಿಗೆ ನೋಡಿದ. ಎಲ್ಲ ಪ್ರೇಕ್ಷಕರಿಗೂ ಮಾಡುವಂತೆ ತಲೆ ಬಾಗಿಸಿ, ತನ್ನ ಹುಡುಗರ ಕಡೆ ನಡೆದುಹೋದ.

ಲಾರೆನ್ಸ್ ತಮಾಷೆ ಮಾಡಲಿಲ್ಲ. ಅದು ತಮಾಷೆಗಿಂತ ಕೆಟ್ಟದಾಗಿತ್ತು. "ಕಾಣ್ಲಿಲ್ಲ ಅಂತ ತೋರ್ತದೆ ಮಾರಾಯ್ರೆ," ಎಂದ ಮೆತ್ತಗೆ.

"ಬಸ್ಸಿನಲ್ಲಿ ಅವರು ನನ್ನನ್ನು ಬದಿಯಿಂದ ಅಲ್ವಾ ನೋಡಿದ್ದು? ಎದುರಿಂದ ಗುರ್ತ ಸಿಗುವುದು ಕಷ್ಟ," ಎಂದ ಶರೀಫ್. ಜೀವಮಾನದಲ್ಲಿ ಅಷ್ಟು ಬಡಕಲು ಸುಳ್ಳು ಅವನು ಹೇಳಿರಲಿಲ್ಲ.

ಫಿದಾ ಇಯರ್‌ಫೋನಿನ ಇನ್ನೊಂದು ತುದಿಯನ್ನೂ ಕಿವಿಗೆ ತುರುಕಿಕೊಂಡು ಮೊಬೈಲಿಗೆ ತಲೆ ತಗ್ಗಿಸಿದಳು. "ಮನೆಗೆ ಹೋಗುವಾ ಉಪ್ಪಾ."

"ಹಾಫ್ ಟೈಮಿಗೆ ಹೋಗುವ," ಎಂದ ಅವನು.

ಹಾಫ್ ಟೈಮಿಗೆ ಇನ್ನೇನು ಸ್ವಲ್ಪ ಇತ್ತು. ಸ್ಥಳೀಯ ಹುಡುಗರು ಬಲಬದಿಯಿಂದ ನುಗ್ಗಿದರು. ಜಪಾನಿನ ಡಿಫೆನ್ಸು ಹರಿದ ಬಲೆಯ ಹಾಗೆ ಚದುರಿತು. ಕುರಾಮಿತ್ಸು ಬೆಂಚಿನಿಂದ ಎದ್ದು, ಕುಂಟುಕಾಲಿನಲ್ಲೇ ಗೆರೆಯ ತನಕ ಓಡಿ, ಎರಡೂ ಅಂಗೈ ಬಾಯಿಗೆ ಹಿಡಿದ.

"ಉಂತು! ಉಂತು! ಪಿರ ಬಲ! ಪಿರ ಬಲ!"

ಜಪಾನಿನ ಹುಡುಗರು ನಾಲ್ವರೂ ಒಂದೇ ದಾರಕ್ಕೆ ಪೋಣಿಸಿದಂತೆ ಹಿಂದೆ ಸರಿದು ಸಾಲಾಗಿ ನಿಂತರು. ಮಧ್ಯದಲ್ಲಿದ್ದ ಕುಳ್ಳ, ಧ್ವನಿ ಒಡೆಯುತ್ತಿದ್ದ ಹುಡುಗ, ಪಕ್ಕದವನಿಗೆ ತಾನೇ ಕೂಗಿದ. "ಬುಡು!" ಪಕ್ಕದವನು ಬಿಟ್ಟ. ಚೆಂಡು ಉರುಳಿಕೊಂಡು ಗೆರೆಯಾಚೆ ಹೋಯಿತು.

"ಯೇಸುವೇ," ಎಂದ ಲಾರೆನ್ಸ್. "ನನ್ನ ಮಗ ಡಿಲನ್‌ಗೇ ಇಷ್ಟು ತುಳು ಬರುವುದಿಲ್ಲ ಮಾರಾಯ್ರೆ."

ಇಡೀ ಗ್ಯಾಲರಿಗೆ ಕೇಳುವಂತೆ ಹೇಳಬಹುದಾದ ಹೊತ್ತು ಬಂದಾಗ ಶರೀಫ್ ಕಾಲಬುಡದ ನೀರಿನ ಬಾಟಲಿಗಳನ್ನು ಎಣಿಸುತ್ತಿದ್ದ. ಫಿದಾಳ ಇಯರ್‌ಫೋನು ಯಾವಾಗಲೋ ಮಡಿಲಿಗೆ ಬಿದ್ದಿತ್ತು; ಅದರಿಂದ ಸಣ್ಣದಾಗಿ ಹಾಡು ಸೋರುತ್ತಿತ್ತು.

ಹಾಫ್ ಟೈಮಿಗೆ ಯಾರೂ ಏಳಲಿಲ್ಲ. ಮ್ಯಾಚು ಮುಗಿದಾಗ ಲಾರೆನ್ಸ್ ಅವನ ತೋಳು ಹಿಡಿದ. "ಹೋಗಿ, ಹೋಗಿ ಮಾತಾಡಿ. ಈಗ ಎಂತ ನಾಚಿಕೆ ನಿಮಗೆ?"

ಕೆಳಗೆ ಹುಡುಗರು ಮೈದಾನಕ್ಕೆ ಸಾಲಾಗಿ ಬಗ್ಗುತ್ತಿದ್ದರು. "ಬೇಡ ಪೊರ್ಬುಗಳೇ," ಎಂದ ಶರೀಫ್. "ಅವರಿಗೆ ಬಸ್ಸಿಗೆ ಹೊತ್ತಾಯ್ತು."

ಲಾರೆನ್ಸ್ ಸಿತ್ರಾದಲ್ಲಿ ತನ್ನ ಕ್ವಾರ್ಟರ್ಸಿನ ಎದುರು ಇಳಿದ. ಕಾರು ಹೊರಡಬೇಕು, ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು, ಮುಚ್ಚಿತು. ಫಿದಾ ಬಂದು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡಳು. ಕಾರು ಸೇತುವೆ ಹತ್ತಿತು. ನೀರಿನ ಮೇಲೆ ಬೆಳಕು ಇನ್ನೂ ಚೂರು ಉಳಿದಿತ್ತು.

"ಉಪ್ಪಾ, ಆ ಮೀನು," ಎಂದಳು ಅವಳು. "ನಿಜ ಎಷ್ಟು ಉದ್ದ ಇತ್ತು?"

ಶರೀಫ್ ಸ್ಟಿಯರಿಂಗಿನಿಂದ ಒಂದು ಕೈ ತೆಗೆದು, ಗೇಣು ತೋರಿಸಿದ.

ಸನದ್‌ನಲ್ಲಿ ಮನೆಯ ಎದುರು ಕಾರು ನಿಂತಾಗ ಮುಸ್ಸಂಜೆಯ ಮಗ್ರಿಬ್‌ನ ಬಾಂಗು ಶುರುವಾಯಿತು. ಫಿದಾ ಇಳಿದು ಬಾಗಿಲು ಹಾಕಿದಳು. ಮೆಟ್ಟಿಲ ಕಡೆ ಎರಡು ಹೆಜ್ಜೆ ಹೋದವಳು ನಿಂತು, ತಿರುಗಿ, ದುಪಟ್ಟಾ ಹಿಡಿದುಕೊಂಡು ಸೊಂಟದಿಂದ ಬಗ್ಗಿದಳು. ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲಿಕ್ಕೋ ಏನೋ. ಎಂಜಿನ್ನು ಇನ್ನೂ ಗುನುಗುತ್ತಿತ್ತು. ಶರೀಫ್ ಅದನ್ನು ಆರಿಸದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದ.